ಎಂಟು ನಿಮಿಷದೊಳಗೆ ನಮ್ಮ ಭಟ್ರು

ಬೆಳಗಿನ ಜಾವ ನಾಲ್ಕಕ್ಕೆ ಭಟ್ರು ಇಡ್ಲಿ ಹಿಟ್ಟಿನ ಟೋಪಿನ ಮುಚ್ಚಳ ತೆಗೆಯುತ್ತಾರೆ. ಬಗ್ಗಿ ಕಿವಿ ಹತ್ತಿರ ತರುತ್ತಾರೆ. ಸೌಟಿನಿಂದ ಅಂಚಿನಲ್ಲಿ ಒಂದೇ ಒಂದು ಸುತ್ತು ತಿರುವಿ ಮತ್ತೆ ಕಿವಿ ಕೊಡುತ್ತಾರೆ. ಆಮೇಲೆ "ಎದ್ದಿದೆ" ಅನ್ನುತ್ತಾರೆ. ಮುಂಬೈನ ಮಾಟುಂಗಾದ ಆ ಉಡುಪಿ ಹೋಟೆಲಿನ ಅಡುಗೆಮನೆಯಲ್ಲಿ ದಿನದ ಮೊದಲ ಮಾತು ಅದು.

ಆ ಒಂದು ಮಾತಿನ ಹಿಂದೆ ನಾನು, ನನ್ನ ತಮ್ಮ, ನನ್ನ ಗೆಳತಿ ಮೂವರೂ ಏಪ್ರಿಲ್‌ನಿಂದ ಜುಲೈವರೆಗೆ ಓಡಾಡಿದೆವು. ಸಿನಿಮಾದಿಂದ ಇನ್ನೂ ಒಂದು ರೂಪಾಯಿ ಸಂಪಾದಿಸದವರಿಗಾಗಿ ನಡೆದ ಒಂದು ಕಿರುಚಿತ್ರ ಸ್ಪರ್ಧೆಗೆ ನಮ್ಮ ಸಿನಿಮಾ ಕಳಿಸಿದೆವು. "ಹೇಗೆ ಮಾಡಿದ್ರಿ, ನಾವೂ ಮಾಡಬೇಕು" ಅಂತ ಡೊಂಬಿವಲಿಯ ನಮ್ಮ ಬಿಲ್ಡಿಂಗಿನ ಮಕ್ಕಳು ಕೇಳುತ್ತಿದ್ದಾರೆ. ಅವರಿಗೋಸ್ಕರ ನಡೆದದ್ದನ್ನು ನಡೆದ ಹಾಗೆ ಬರೆಯುತ್ತಿದ್ದೇನೆ.

ನಾನು ಫೋರ್ಟ್‌ನಲ್ಲಿ ಒಂದು ಆಫೀಸಿನ ಅಕೌಂಟ್ಸ್‌ನಲ್ಲಿದ್ದೇನೆ. ಅಪ್ಪ ಆ ಹೋಟೆಲಿನ ಗಲ್ಲಾದಲ್ಲಿ 26 ವರ್ಷ ಕೂತವರು. ಚಿಕ್ಕಂದಿನಲ್ಲಿ ಭಾನುವಾರ ಅಪ್ಪನ ಜೊತೆ ಹೋದರೆ ಭಟ್ರು ನನ್ನನ್ನು ಅಡುಗೆಮನೆಯ ಬಾಗಿಲಲ್ಲಿ ಕೂರಿಸುತ್ತಿದ್ದರು. ಕಾವಲಿಯ ಮೂಲೆಯಲ್ಲಿ ರೂಪಾಯಿ ನಾಣ್ಯದಷ್ಟು ದೋಸೆ ಹುಯ್ದು ಕೊಡುತ್ತಿದ್ದರು. ಹಾಗಾಗಿ "ಯಾರ ಮೇಲೆ ಸಿನಿಮಾ ಮಾಡೋದು" ಅಂತ ನಾವು ತಲೆ ಕೆಡಿಸಿಕೊಳ್ಳಲೇ ಇಲ್ಲ.

ತಲೆ ಕೆಡಿಸಿದ್ದು ಸಮಯ. ಟೈಟಲ್ ಸೇರಿ ಎಂಟು ನಿಮಿಷ ಅಂತ ನಿಯಮ. ಎಂಟು ನಿಮಿಷದಲ್ಲಿ ಒಬ್ಬ ಮನುಷ್ಯನ ಬಗ್ಗೆ ಏನು ಹೇಳೋಕಾಗುತ್ತೆ? ಆಸ್ಕರ್‌ನಲ್ಲೇ 40 ನಿಮಿಷದವರೆಗೂ ಕಿರುಚಿತ್ರ ಅನ್ನುತ್ತಾರೆ. ನಮಗೆ ಅದರ ಐದನೇ ಒಂದು ಭಾಗ.

ಆಗ ನನಗೆ ಧೈರ್ಯ ಕೊಟ್ಟಿದ್ದು ನಾನು ದಿನಾ ದಾಟಿ ಹೋಗುವ ಒಂದು ಕಟ್ಟಡ. ಕಾಲಾ ಘೋಡಾದ ಹತ್ತಿರ ಕಬ್ಬಿಣದ ಚೌಕಟ್ಟಿನ ಹಳೇ ಕಟ್ಟಡ ಇದೆಯಲ್ಲ, ಎಸ್ಪ್ಲನೇಡ್ ಮ್ಯಾನ್ಷನ್, ಅದು ಹಿಂದೆ ವಾಟ್ಸನ್ ಹೋಟೆಲ್ ಆಗಿತ್ತು. 1896ರ ಜುಲೈ 7ರಂದು ಅಲ್ಲಿ ಫ್ರಾನ್ಸಿನ ಲೂಮಿಯೇರ್ ಸಹೋದರರ ಚಿತ್ರಗಳನ್ನು ತೋರಿಸಿದರು. ಈ ದೇಶದಲ್ಲಿ ಮೊದಲ ಸಿನಿಮಾ ಪ್ರದರ್ಶನ ಅದು. ರೈಲು ಬಂದು ನಿಲ್ಲುವುದು, ಕಾರ್ಖಾನೆಯಿಂದ ಕೆಲಸಗಾರರು ಹೊರಬರುವುದು, ಅಂಥವು. ಒಂದೊಂದೂ ಒಂದು ನಿಮಿಷವೂ ಇರಲಿಲ್ಲ. ಆಮೇಲೆ ಮೂರು ವರ್ಷಕ್ಕೆ, 1899ರಲ್ಲಿ, ಇದೇ ಊರಿನ ಹರಿಶ್ಚಂದ್ರ ಸಖಾರಾಮ ಭಾಟವಡೇಕರ್ ಲಂಡನ್‌ನಿಂದ ಕ್ಯಾಮೆರಾ ತರಿಸಿ ಹ್ಯಾಂಗಿಂಗ್ ಗಾರ್ಡನ್‌ನಲ್ಲಿ ನಡೆದ ಕುಸ್ತಿಯನ್ನು ಚಿತ್ರೀಕರಿಸಿದರು. ಅವರು ಫೋಟೋ ತೆಗೆಯುವವರು. ಆಗ ಸಿನಿಮಾದವರು ಅಂತ ಯಾರೂ ಇರಲೇ ಇಲ್ಲವಲ್ಲ. ಕಣ್ಣೆದುರು ನಡೆಯುತ್ತಿದ್ದುದನ್ನು ನೋಡಿದರು, ಹಿಡಿದರು. ನಮ್ಮ ಊರಲ್ಲಿ ಸಿನಿಮಾ ಶುರುವಾಗಿದ್ದೇ ಹಾಗೆ ಅನ್ನುವಾಗ ಎಂಟು ನಿಮಿಷ ಧಾರಾಳ ಅನ್ನಿಸಿತು.

ಹೋಟೆಲಿನ ಧಣಿ ಒಪ್ಪಿದರು. ಒಂದೇ ಷರತ್ತು ಹಾಕಿದರು. ಬೆಳಿಗ್ಗೆ ಮೂರೂವರೆಯಿಂದ ಐದೂವರೆ. ಹಾಲಿನ ಗಾಡಿ ಬಂದ ಮೇಲೆ ಒಳಗೆ ಒಂದು ಸ್ಟ್ಯಾಂಡೂ ಇರಬಾರದು. ಡೊಂಬಿವಲಿಯಿಂದ ಆ ಹೊತ್ತಿಗೆ ಬರಲು ಲೋಕಲ್ ಇಲ್ಲ. ವಡಾಲಾದಲ್ಲಿ ಚಿಕ್ಕಮ್ಮನ ಮನೆಯಲ್ಲಿ ಮಲಗಿ, ಮೂರಕ್ಕೆ ಎದ್ದು, ಟ್ಯಾಕ್ಸಿ ಹಿಡಿದು ಹೋಗುತ್ತಿದ್ದೆವು. ಮೇ ತಿಂಗಳು. ಆ ಹೊತ್ತಿನಲ್ಲೂ ಬೆವರು.

ಮೊದಲ ದಿನ ಒಳಗೆ ಕಾಲಿಟ್ಟಾಗ ಮೂವರೂ ಆಕಳಿಸುತ್ತಿದ್ದೆವು. ಭಟ್ರು ಮುಚ್ಚಳ ತೆಗೆದು, ಕೇಳಿಸಿಕೊಂಡು, ನಮ್ಮ ಕಡೆ ನೋಡಿ ಹೇಳಿದರು: "ಹಿಟ್ಟು ಎದ್ದಿದೆ. ನೀವು ಎದ್ದಿಲ್ಲ." ಸಿನಿಮಾದ ಹೆಸರು ಅಲ್ಲೇ ಸಿಕ್ಕಿತು.

ಅವತ್ತು ತೆಗೆದಿದ್ದೆಲ್ಲ ಮಾತ್ರ ಹಾಳಾಯಿತು. ಫೋನ್‌ನಲ್ಲೇ ಶೂಟ್ ಮಾಡಿದ್ದೆವು. ಮನೆಗೆ ಬಂದು ದೊಡ್ಡ ಸ್ಕ್ರೀನಿನಲ್ಲಿ ನೋಡಿದರೆ ಭಟ್ರ ಮುಖದ ಮೇಲೆ ಕಪ್ಪು ಪಟ್ಟಿಗಳು ಮೇಲಿಂದ ಕೆಳಗೆ ಹರಿಯುತ್ತಿವೆ. ಕಾರಣ ಹುಡುಕಲು ಗೆಳತಿಗೆ ಇಡೀ ದಿನ ಬೇಕಾಯಿತು. ನಮ್ಮಲ್ಲಿ ಕರೆಂಟು 50 ಹರ್ಟ್ಸ್. ಹಳೇ ಚೋಕಿನ ಟ್ಯೂಬ್‌ಲೈಟು ಸೆಕೆಂಡಿಗೆ 100 ಸಲ ಮಿನುಗುತ್ತದೆ, ಕಣ್ಣಿಗೆ ಕಾಣಿಸುವುದಿಲ್ಲ. ಫೋನು ತಾನಾಗಿಯೇ ಸೆಕೆಂಡಿಗೆ 30 ಫ್ರೇಮ್, ಶಟರ್ (ಒಂದೊಂದು ಫ್ರೇಮಿಗೆ ಬೆಳಕು ಬೀಳುವ ಹೊತ್ತು) ಸೆಕೆಂಡಿನ 60ನೇ ಒಂದು ಅಂತ ಇಟ್ಟುಕೊಂಡಿತ್ತು. ಎರಡಕ್ಕೂ ತಾಳ ಕೂಡಲಿಲ್ಲ. 25 ಫ್ರೇಮ್ ಇಟ್ಟು ಶಟರ್ 50ನೇ ಒಂದಕ್ಕೆ ಗಟ್ಟಿಮಾಡಿದ ಮೇಲೆ ಪಟ್ಟಿ ಮಾಯ. ಹೋಟೆಲ್, ಶಾಲೆ, ಸರ್ಕಾರಿ ಆಫೀಸು, ಎಲ್ಲಿ ಟ್ಯೂಬ್‌ಲೈಟಿನ ಕೆಳಗೆ ಶೂಟ್ ಮಾಡಿದರೂ ಇದನ್ನು ಮೊದಲೇ ನೋಡಿಕೊಳ್ಳಿ. ಎರಡನೇ ಸಲ ಅದೇ ಬೆಳಗು ಸಿಗುವುದಿಲ್ಲ.

ಚಿತ್ರ ಸರಿಹೋಯಿತು. ಸದ್ದಿನ ಕೆಲಸ ಬಾಕಿ ಇತ್ತು, ನಿಜವಾದ ಕೆಲಸ ಅದೇ.

ಮೈಕ್ ನೋಡಿಕೊಂಡಿದ್ದು ತಮ್ಮ. ಭಟ್ರು ಲುಂಗಿ, ಬನಿಯನ್, ಹೆಗಲ ಮೇಲೊಂದು ಬೈರಾಸು. ಕಾಲರ್ ಮೈಕನ್ನು ಬೈರಾಸಿನ ಒಳಗೆ ಸಿಕ್ಕಿಸಿದ. ಮಾತು ಚೆನ್ನಾಗಿ ಬಂತು. ಆದರೆ ನನಗೆ ಬೇಕಾಗಿದ್ದು ಮಾತಲ್ಲ. ಮುಚ್ಚಳ ತೆಗೆದಾಗ ಭಟ್ರು ಕೇಳಿಸಿಕೊಳ್ಳುತ್ತಾರಲ್ಲ, ಅದು ಬೇಕಿತ್ತು.

ಹಿಟ್ಟಿಗೆ ಸದ್ದು ಇರುತ್ತದೆ ಅಂತ ನನಗೆ ಗೊತ್ತೇ ಇರಲಿಲ್ಲ. ಅಕ್ಕಿ, ಉದ್ದಿನ ಹಿಟ್ಟಿನಲ್ಲಿ ರಾತ್ರಿಯಿಡೀ ಕಣ್ಣಿಗೆ ಕಾಣದ ಜೀವಿಗಳು ಕೆಲಸ ಮಾಡಿ ಗಾಳಿ ಬಿಡುತ್ತವೆ. ಉದ್ದಿನ ಅಂಟು ಆ ಗಾಳಿಯನ್ನು ಹಿಡಿದಿಡುತ್ತದೆ. ಇಡ್ಲಿ ಉಬ್ಬುವುದು ಅದಕ್ಕೇ. ಸೌಟಿನಿಂದ ಒಂದು ಸುತ್ತು ತಿರುವಿದರೆ ಗುಳ್ಳೆಗಳು ಒಡೆಯುತ್ತವೆ. ಭಟ್ರು ನನ್ನ ತಲೆ ಬಗ್ಗಿಸಿ ಕೇಳಿಸಿದರು. ತುಂಬಾ ಸಣ್ಣ ಸದ್ದು. ಒಣ ಎಲೆಯ ಮೇಲೆ ಹನಿ ಮಳೆ ಶುರುವಾದಾಗ ಆಗುತ್ತದಲ್ಲ, ಹಾಗೆ.

"ಚಳಿಗಾಲದಲ್ಲಿ ಇಷ್ಟು ಬರುವುದಿಲ್ಲ. ಆಗ ಸಂಜೆ ಬೇಗ ರುಬ್ಬುವುದು. ಈಗ ರಾತ್ರಿ ಒಂಬತ್ತರ ಮೇಲೆ. ಕೈಯಲ್ಲಿ ಗೊತ್ತಾಗುತ್ತದೆ, ಮೂಗಿಗೆ ಗೊತ್ತಾಗುತ್ತದೆ. ಆದರೆ ಕಿವಿ ಸುಳ್ಳು ಹೇಳುವುದಿಲ್ಲ ಮಾರಾಯ್ತಿ" ಅಂದರು.

ಅದನ್ನು ರೆಕಾರ್ಡ್ ಮಾಡುವುದು ಹೇಗೆ? ಎಕ್ಸಾಸ್ಟ್ ಫ್ಯಾನ್ ಒಂದು ಕಡೆ. ಎರಡು ಫ್ರಿಜ್ ಇನ್ನೊಂದು ಕಡೆ. ಹೊರಗೆ ಕಸದ ಲಾರಿ. ಭಟ್ರ ಫೋನಿನಲ್ಲಿ ಹಳೇ ಸಿನಿಮಾ ಹಾಡು. ಒಂದೊಂದೇ ಬಿಡಿಸುತ್ತಾ ಬಂದೆವು. ಫ್ಯಾನನ್ನು ಹತ್ತು ನಿಮಿಷ ಆರಿಸಲು ಧಣಿ ಒಪ್ಪಿದರು. ಫ್ರಿಜ್ ಆರಿಸಿ, ಮತ್ತೆ ಹಾಕಲು ಮರೆತರೆ ಅಷ್ಟೂ ಹಾಲು ಕೆಡುತ್ತದೆ. ಹಾಗಾಗಿ ಚಿಕ್ಕಮ್ಮನ ಮನೆಯ ಬೀಗದ ಕೈಯನ್ನೇ ಫ್ರಿಜ್ಜಿನೊಳಗೆ ಇಟ್ಟೆವು. ಅದು ಕೈಗೆ ಬರದೆ ನಾವು ಮನೆ ಸೇರುವ ಹಾಗಿಲ್ಲ. ಇದು ಶೂಟಿಂಗ್‌ನವರು ಮಾಡುವ ಉಪಾಯ. ನನ್ನ ಗೆಳತಿ ಯಾವುದೋ ಕ್ಯಾಮೆರಾ ಅಸಿಸ್ಟೆಂಟ್‌ನಿಂದ ಕೇಳಿ ತಿಳಿದದ್ದು.

ಹಾಡಿನ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಎಷ್ಟೋ ಜನ ಎಡವುವುದು ಇಲ್ಲಿ. "ಹಳೇ ಹಾಡಲ್ವಾ, ಹಿಂದೆ ಸುಮ್ನೆ ಕೇಳಿಸುತ್ತೆ, ಏನಾಗುತ್ತೆ" ಅಂತ ಬಿಟ್ಟುಬಿಡುತ್ತಾರೆ. ನಮ್ಮ ಕಾಪಿರೈಟ್ ಕಾಯ್ದೆ 1957ರದ್ದು. ಅದರ ಪ್ರಕಾರ ರೆಕಾರ್ಡಿಂಗಿನ ಹಕ್ಕು ಅದು ಹೊರಬಂದ ಮೇಲೆ 60 ವರ್ಷ ಇರುತ್ತದೆ. ಸಾಹಿತ್ಯ, ಸಂಗೀತದ ಹಕ್ಕು ಅದನ್ನು ಮಾಡಿದವರು ತೀರಿಕೊಂಡ ಮೇಲೂ 60 ವರ್ಷ. ಸ್ಪರ್ಧೆಯ ನಿಯಮದಲ್ಲೂ ಸಂಗೀತ ನಿಮ್ಮದೇ ಇರಬೇಕು, ಇಲ್ಲ ಅನುಮತಿ ಪತ್ರ ಇರಬೇಕು ಅಂತ ಬರೆದಿತ್ತು. ಭಟ್ರಿಗೆ ಹೇಳಿದೆ. ಅವರು ಫೋನ್ ಆರಿಸಿದರು. ಎರಡು ನಿಮಿಷ ಸುಮ್ಮನೆ ಕೆಲಸ ಮಾಡಿದರು. ಆಮೇಲೆ ತಮಗೇ ಗೊತ್ತಿಲ್ಲದ ಹಾಗೆ ಒಂದು ದಾಸರ ಪದ ಗುನುಗತೊಡಗಿದರು. ನನ್ನ ತಮ್ಮ ಮೈಕಿನ ಹತ್ತಿರ ಉಸಿರು ಬಿಗಿ ಹಿಡಿದು ನಿಂತಿದ್ದ. ನೂರಾರು ವರ್ಷದ ಹಿಂದಿನ ಪದ, ಯಾರ ಅನುಮತಿಯೂ ಬೇಡ. ಹಾಡುವವರ ಅನುಮತಿ ಒಂದು ಬೇಕು.

ಆ ಅನುಮತಿ ಪತ್ರ ಇಂಗ್ಲಿಷಿನಲ್ಲಿತ್ತು. ಮೂರನೇ ದಿನ ಕೆಲಸ ಮುಗಿದ ಮೇಲೆ ಭಟ್ರ ಮುಂದೆ ಇಟ್ಟೆ. ಅವರು ಬೈರಾಸಿನಲ್ಲಿ ಕೈ ಒರೆಸಿಕೊಂಡರು, ಕನ್ನಡಕ ಹಾಕಿಕೊಂಡರು. ಹಾಳೆಯನ್ನು ಸ್ವಲ್ಪ ದೂರ ಹಿಡಿದು ನೋಡಿದರು.

"ಕನ್ನಡದಲ್ಲಿ ಇಲ್ವಾ?"

ನನಗೆ ಮುಖ ತಗ್ಗಿಸುವ ಹಾಗಾಯಿತು. ಕನ್ನಡದಲ್ಲೇ ಸಿನಿಮಾ ಮಾಡುತ್ತಿದ್ದೇನೆ. ಅವರು ಸಹಿ ಹಾಕುವ ಕಾಗದ ಕನ್ನಡದಲ್ಲಿ ಇರಬೇಕು ಅಂತ ನನಗೆ ಹೊಳೆದಿರಲಿಲ್ಲ. ರಾತ್ರಿ ಕೂತು ಕೈಯಲ್ಲೇ ಕನ್ನಡದಲ್ಲಿ ಬರೆದೆ. ಮರುದಿನ ಭಟ್ರು ಅದನ್ನು ಒಂದೊಂದೇ ಸಾಲು ಬಾಯಿಬಿಟ್ಟು ಓದಿದರು. ಅವರು 13ನೇ ವಯಸ್ಸಿಗೆ ಮುಂಬೈಗೆ ಬಂದವರು. ಹಗಲು ಗ್ಲಾಸು ತೊಳೆದು, ರಾತ್ರಿ ಶಾಲೆಗೆ ಹೋದವರು. ಒಂದು ಕಾಲಕ್ಕೆ ಈ ಊರಿನಲ್ಲಿ ಹೋಟೆಲಿನ ಹುಡುಗರು ದುಡಿಯುತ್ತಲೇ ಓದಲು ಕನ್ನಡದ ರಾತ್ರಿ ಶಾಲೆಗಳು ಎಷ್ಟೋ ಇದ್ದವು. ಫೋರ್ಟ್‌ನಲ್ಲಿ ನನ್ನ ಆಫೀಸಿನ ಆಸುಪಾಸಿನಲ್ಲೂ ಇದ್ದವು. ಅಲ್ಲಿ ಕಲಿತ ಅಕ್ಷರ ಭಟ್ರದು.

"ಈ ಚಿತ್ರವನ್ನು ಎಲ್ಲಿ ಬೇಕಾದರೂ, ಹೇಗೆ ಬೇಕಾದರೂ ಬಳಸಬಹುದು" ಅನ್ನುವ ಸಾಲಿಗೆ ಬಂದು ನಿಂತರು.

"ಎಲ್ಲಿ ಬೇಕಾದರೂ ಅಂದರೆ ಎಲ್ಲಿ?"

ಇಂಗ್ಲಿಷ್ ಪತ್ರದಲ್ಲಿ ಇದ್ದ ಸಾಲನ್ನೇ ನಾನು ಕನ್ನಡಕ್ಕೆ ಇಳಿಸಿದ್ದೆ. ಎಲ್ಲಿ ಅಂತ ನನಗೂ ಗೊತ್ತಿರಲಿಲ್ಲ. ಆ ಸಾಲನ್ನು ಹೊಡೆದು ಹಾಕಿ, "ಸ್ಪರ್ಧೆ, ಚಿತ್ರೋತ್ಸವಗಳಿಗೆ ಮಾತ್ರ. ಬೇರೆ ಎಲ್ಲಿಗಾದರೂ ಕೊಡುವ ಮೊದಲು ಕೇಳಬೇಕು" ಅಂತ ಬರೆದೆ. ಆಗ ಸಹಿ ಹಾಕಿದರು. ಹೆಸರು, ಅಪ್ಪನ ಹೆಸರು, ಕೆಳಗೆ ಊರಿನ ಹೆಸರು. ಒತ್ತಿ ಒತ್ತಿ ಬರೆದ ದುಂಡಗಿನ ಅಕ್ಷರ, ಹಾಳೆಯ ಹಿಂದೆ ಬೆರಳಾಡಿಸಿದರೆ ತಾಗುತ್ತದೆ. ಒಬ್ಬರ ಮುಖ, ಕೈ, ದನಿ ತೆಗೆದುಕೊಳ್ಳುವಾಗ ಅವರ ಭಾಷೆಯಲ್ಲಿ ಕೇಳಿ ತೆಗೆದುಕೊಳ್ಳಬೇಕು. ನಾನಂತೂ ಇನ್ನು ಮುಂದೆ ಬೇರೆ ಥರ ಮಾಡುವುದಿಲ್ಲ.

ಎಡಿಟಿಂಗ್‌ಗೆ ಕೂತಾಗ ಮೊದಲ ಜೋಡಣೆ 19 ನಿಮಿಷ ಬಂತು. ಎಲ್ಲವೂ ಬೇಕು ಅನ್ನಿಸುತ್ತಿತ್ತು. ಮಾಟುಂಗಾ ಸ್ಟೇಷನ್ ಹೊರಗೆ ಮಲ್ಲಿಗೆ ಕಟ್ಟುವ ಅಜ್ಜಿ, ಬೆಳಕು ಹರಿಯುವ ಕಿಂಗ್ಸ್ ಸರ್ಕಲ್, ಬಾಗಿಲು ತೆರೆಯುವ ಮೊದಲೇ ಪೇಪರ್ ಹಿಡಿದು ನಿಂತ ಗಿರಾಕಿಗಳು. ಗೆಳತಿ ಕಷ್ಟಪಟ್ಟು ತೆಗೆದ ಶಾಟುಗಳು ಅವು. ಚಂದವೂ ಇದ್ದವು. ತೆಗೆದೆವು. 13 ನಿಮಿಷಕ್ಕೆ ಬಂತು. ಅಲ್ಲಿ ಒಂದು ವಾರ ಕೂತೆವು.

ಕೊನೆಗೆ ಉಳಿದ ದೊಡ್ಡ ತುಂಡು ಅಪ್ಪನದು. ಅಪ್ಪ ಈಗ ಮನೆಯಲ್ಲೇ ಇದ್ದಾರೆ, ಮೊಣಕಾಲು ನೋವು. ಒಂದು ಬೆಳಿಗ್ಗೆ ಅವರನ್ನು ಕರೆತಂದು ಗಲ್ಲಾದಲ್ಲಿ ಕೂರಿಸಿದ್ದೆವು. ಡ್ರಾಯರ್ ಎಳೆದು ಚಿಲ್ಲರೆಯನ್ನು ಬೆರಳಲ್ಲೇ ಬೇರೆ ಮಾಡುತ್ತಾರೆ, ಕಣ್ಣು ಬಾಗಿಲ ಕಡೆ. ಎರಡು ನಿಮಿಷ ಹತ್ತು ಸೆಕೆಂಡ್. ನನಗೆ ಅದು ತುಂಬಾ ಇಷ್ಟ. ತಮ್ಮನಿಗೂ ಇಷ್ಟ. ಆದರೆ ಅದು ಬಂದಾಗಲೆಲ್ಲ ಸಿನಿಮಾ ಭಟ್ರನ್ನು ಬಿಟ್ಟು ನಮ್ಮ ಮನೆಗೆ ಬಂದುಬಿಡುತ್ತಿತ್ತು. ಮೂರು ದಿನ ನಾನೂ ತಮ್ಮನೂ ಅದರ ಬಗ್ಗೆ ಮಾತೇ ಆಡಲಿಲ್ಲ. ನಾಲ್ಕನೇ ದಿನ ಅಪ್ಪನೇ ಟಿವಿಯಲ್ಲಿ ಪೂರ್ತಿ ನೋಡಿ, "ಇದರಲ್ಲಿ ನಾನ್ಯಾಕೆ? ಇದು ಭಟ್ರ ಹೊತ್ತಲ್ವಾ? ಗಲ್ಲಾ ತೆರೆಯುವುದು ಏಳಕ್ಕೆ" ಅಂದರು. 26 ವರ್ಷ ಲೆಕ್ಕ ನೋಡಿದವರ ಕಣ್ಣು ಅದು. ಆ ತುಂಡು ತೆಗೆದೆ. ಅದನ್ನು ಬೇರೆ ಫೈಲಾಗಿ ಅಪ್ಪನ ಫೋನಿಗೆ ಹಾಕಿಕೊಟ್ಟಿದ್ದೇನೆ.

ಅದು ಹೋದ ಮೇಲೆ ಉಳಿದದ್ದೆಲ್ಲ ತಾನಾಗಿ ಜಾಗಕ್ಕೆ ಬಂತು. ಕತ್ತಲೆ, ಹೋಟೆಲಿನ ಶಟರ್ ಎತ್ತುವ ಸದ್ದು, ಭಟ್ಟಿ ಹೊತ್ತುವುದು, ದಾಸರ ಪದ, ಮುಚ್ಚಳ. ಮುಚ್ಚಳ ತೆಗೆದ ಮೇಲೆ 40 ಸೆಕೆಂಡ್ ಏನೂ ಇಲ್ಲ. ಹಿಟ್ಟಿನ ಸದ್ದು ಮಾತ್ರ. ಏಳು ನಿಮಿಷ 51 ಸೆಕೆಂಡಿಗೆ ಬಂದು ನಿಂತಿತು. ಎಂಟು ನಿಮಿಷದ ಆ ಗೆರೆ ಇರದಿದ್ದರೆ ನಾನು 19 ನಿಮಿಷದ್ದನ್ನೇ ಕಳಿಸಿ, ಹಿಟ್ಟಿನ ಸದ್ದು ಯಾರಿಗೂ ಕೇಳಿಸದ ಹಾಗೆ ಮಾಡಿಬಿಡುತ್ತಿದ್ದೆ.

ಸಬ್‌ಟೈಟಲ್ ಸುಲಭ ಅಂದುಕೊಂಡಿದ್ದೆವು. ಇಡೀ ಚಿತ್ರದಲ್ಲಿ ಇರುವುದೇ ಇಪ್ಪತ್ತು ಚಿಲ್ಲರೆ ಮಾತು. ಆದರೆ "ಎದ್ದಿದೆ" ಅನ್ನುವುದಕ್ಕೆ ಏನು ಬರೆಯುವುದು? 'ಫರ್ಮೆಂಟೆಡ್' ಅಂದರೆ ಲ್ಯಾಬಿನ ಮಾತು. 'ರೆಡಿ' ಅಂದರೆ ಹೋಟೆಲಿನ ಆರ್ಡರ್ ಕೂಗಿದ ಹಾಗೆ. ಭಟ್ರ ಮಾತಿನಲ್ಲಿ ಹಿಟ್ಟು ಉಬ್ಬಿದ್ದೂ ಇದೆ, ನಿದ್ದೆಯಿಂದ ಎದ್ದದ್ದೂ ಇದೆ. "ಹಿಟ್ಟು ಎದ್ದಿದೆ, ನೀವು ಎದ್ದಿಲ್ಲ" ಅನ್ನುವುದು ನಿಂತಿರುವುದೇ ಅದರ ಮೇಲೆ. ಕೊನೆಗೆ ನನ್ನ ತಮ್ಮ ಲೋಕಲ್‌ನಲ್ಲಿ ನಿಂತುಕೊಂಡೇ ಮೆಸೇಜ್ ಹಾಕಿದ: 'ಇಟ್ಸ್ ಅಪ್'. ಎರಡೂ ಬಂತು. ಅವನಿಗೆ ಅವತ್ತು ಸಂಜೆ ನಾನೇ ಬಟಾಟವಡೆ ಕೊಡಿಸಿದೆ.

ಕೊನೆಯ ದಿನ ರಾತ್ರಿ ಅಪ್‌ಲೋಡ್ ಮಾಡಿದೆವು. ಜೋರು ಮಳೆ, ನೆಟ್ ಎರಡು ಸಲ ಕಡಿಯಿತು. ಕೊನೆಯ ದಿನದವರೆಗೆ ಕಾಯಬೇಡಿ, ಅಷ್ಟೇ ಹೇಳುತ್ತೇನೆ.

ಸೆಪ್ಟೆಂಬರ್‌ನಲ್ಲಿ ಪತ್ರ ಬಂತು. ಪ್ರದರ್ಶನಕ್ಕೆ ಆಯ್ಕೆಯಾದ ಚಿತ್ರಗಳಲ್ಲಿ ನಮ್ಮದೂ ಇತ್ತು. ಅಂಧೇರಿಯ ಒಂದು ಸಣ್ಣ ಥಿಯೇಟರು, ಮಧ್ಯಾಹ್ನ ಮೂರೂವರೆ. ಭಟ್ರಿಗೆ ಅದೊಂದೇ ಬಿಡುವಿನ ಹೊತ್ತು. ಸಂಜೆ ಆರೂವರೆಗೆ ಮತ್ತೆ ಕಾವಲಿ ಮುಂದೆ ನಿಲ್ಲಬೇಕು. ಇಸ್ತ್ರಿ ಮಾಡಿದ ಬಿಳಿ ಶರ್ಟು ಹಾಕಿಕೊಂಡು, ದಾದರ್‌ನಲ್ಲಿ ರೈಲು ಬದಲಿಸಿ, ಹೇಳಿದ ಸಮಯಕ್ಕಿಂತ ಅರ್ಧ ಗಂಟೆ ಮೊದಲೇ ಬಂದು ಬಾಗಿಲಲ್ಲಿ ನಿಂತಿದ್ದರು. ಅಪ್ಪನೂ ಬಂದಿದ್ದರು, ಮೆಟ್ಟಿಲಿಗೆ ತಮ್ಮನ ಹೆಗಲು ಹಿಡಿದು.

ನಮ್ಮದು ಆರನೆಯದು. ದೀಪ ಆರಿತು. ಶಟರ್ ಎತ್ತಿದ ಸದ್ದು ಕೇಳಿ ನನಗೆ ಎದೆ ಡವಡವ. ಫೋನಿನಲ್ಲಿ, ಟಿವಿಯಲ್ಲಿ, ಇಯರ್‌ಫೋನಿನಲ್ಲಿ ಇನ್ನೂರು ಸಲ ಕೇಳಿದ್ದೆ. ಆ ದೊಡ್ಡ ಸ್ಪೀಕರುಗಳಲ್ಲಿ ಅದು ಬೇರೆಯೇ ಆಗಿತ್ತು. ಭಟ್ರು ಪರದೆಯ ಮೇಲೆ ಮುಚ್ಚಳ ತೆಗೆದರು. ಸೌಟು ಒಂದು ಸುತ್ತು ತಿರುಗಿತು. ಆ ಸಣ್ಣ ಸದ್ದು ಇಡೀ ಥಿಯೇಟರಿನಲ್ಲಿ ತುಂಬಿಕೊಂಡಿತು. ನಮ್ಮ ಮುಂದಿನ ಸಾಲಿನಲ್ಲಿ ಪಿಸುಗುಡುತ್ತಿದ್ದ ಇಬ್ಬರು ಮಾತು ನಿಲ್ಲಿಸಿದರು.

ಪಕ್ಕದಲ್ಲಿ ಕೂತಿದ್ದ ಭಟ್ರು ತಲೆ ಸ್ವಲ್ಪ ವಾರೆ ಮಾಡಿ ಕೇಳುತ್ತಿದ್ದರು, ಅಡುಗೆಮನೆಯಲ್ಲಿ ಕೇಳುವ ಹಾಗೆಯೇ. ಆಮೇಲೆ ನನ್ನ ಕಡೆ ಬಗ್ಗಿ ಮೆಲ್ಲಗೆ ಹೇಳಿದರು:

"ಅವತ್ತು ಸ್ವಲ್ಪ ಜಾಸ್ತಿಯೇ ಎದ್ದಿತ್ತು. ಮೇ ತಿಂಗಳಲ್ವಾ? ಇನ್ನೊಂದು ಗಂಟೆ ತಡವಾಗಿ ರುಬ್ಬಬೇಕಿತ್ತು."

ಬಹುಮಾನ ಬಂದಿದ್ದು ಬೇರೆ ಮೂರು ಚಿತ್ರಗಳಿಗೆ. ಅದರಲ್ಲಿ ಒಂದು, ವಿರಾರ್ ಲೋಕಲ್‌ನಲ್ಲಿ ತರಕಾರಿ ಸೋಸುವ ಹೆಂಗಸರದು, ನನಗೂ ತುಂಬಾ ಹಿಡಿಸಿತು. ಮಾಡಿದ ಹುಡುಗಿಯ ಕೈ ಹಿಡಿದು ಹೇಳಿ ಬಂದೆ. ಅಷ್ಟರಲ್ಲಿ ಐದು ದಾಟಿತ್ತು. ಭಟ್ರು ಗಡಿಯಾರ ನೋಡಿಕೊಂಡು ಹೊರಟರು. ಸಂಜೆಯ ಹಿಟ್ಟಿಗೆ ಬೇಳೆ ನೆನೆಹಾಕಿ ಬಂದಿದ್ದರಂತೆ. ಸ್ಟೇಷನ್ನಿನವರೆಗೆ ಜೊತೆಗೆ ನಡೆದೆ. ದಾರಿಯಲ್ಲಿ ಇನ್ನೊಂದು ಚಿತ್ರೋತ್ಸವಕ್ಕೂ ಕಳಿಸಲಾ ಅಂತ ಕೇಳಿದೆ.

"ಕಾಗದದಲ್ಲಿ ಬರೆದಿದ್ದೇವಲ್ಲ, ಕಳಿಸು" ಅಂದರು. ಸ್ವಲ್ಪ ದೂರ ಹೋಗಿ ತಿರುಗಿ, "ಆದರೆ ಆ ಹಿಟ್ಟಿನದ್ದನ್ನು ಡಿಸೆಂಬರ್‌ನಲ್ಲಿ ಇನ್ನೊಮ್ಮೆ ತೆಗೆಯುವ, ಆಯ್ತಾ?" ಅಂದರು.

ಡಿಸೆಂಬರ್ ಎರಡನೇ ವಾರಕ್ಕೆ ಧಣಿಯ ಹತ್ತಿರ ಮತ್ತೆ ಹತ್ತು ನಿಮಿಷ ಫ್ಯಾನ್ ಆರಿಸಲು ಕೇಳಿಟ್ಟಿದ್ದೇನೆ.